ಶೀತವರ್ಧಕಗಳ ಅಳತೆಯಲ್ಲಿ ಪ್ರಾಮಾಣ್ಯವಿಚಾರ

ಅಳೆಯುವ ಉಪಕರಣವನ್ನು ಅಳೆಯುವುದೆಂತು ಎಂಬ ಪ್ರಶ್ನೆಗೆ ಮತ್ತೊಂದು ಉಪಕರಣವನ್ನು ತೋರಿಸಿದರೆ ಅನವಸ್ಥಾದೋಷವು ತಪ್ಪದು. ಕ್ವಾಂಟಮ್ ಯಂತ್ರಗಳಿಂದ ಹೊರಡುವ ಅತಿಕ್ಷೀಣ ಸಂಕೇತವನ್ನು ಹೆಚ್ಚಿಸುವ ಶೀತವರ್ಧಕಗಳಲ್ಲಿ ಈ ದೋಷವು ಸ್ಪಷ್ಟ. ಹೊರಗಿನಿಂದ ಕಳುಹಿಸಿದ ಸಂಕೇತವು ತಂತಿಗಳಲ್ಲಿ ಎಷ್ಟು ಸವೆಯಿತೆಂಬುದು, ಕೊಠಡಿಯ ಉಷ್ಣತೆಯಲ್ಲಿ ಮಾಡಿದ ಲೆಕ್ಕದಿಂದ, ನಿರಪೇಕ್ಷ ಶೂನ್ಯದ ಸಮೀಪದಲ್ಲಿ ನಿಶ್ಚಯವಾಗಲಾರದು.

ಸುರಂಗಸಂಧಿಯು ಇಲ್ಲಿ ಸ್ವತಃಪ್ರಮಾಣದಂತೆ ನಿಲ್ಲುವುದು. ತೆಳುವಾದ ಆಕ್ಸೈಡ್ ಪೊರೆಯನ್ನು ಎಲೆಕ್ಟ್ರಾನುಗಳು ಬಿಡಿಬಿಡಿಯಾಗಿ ದಾಟುವುದರಿಂದ ಹುಟ್ಟುವ ರವವು, ನಿರ್ವಾತನಾಳಗಳ ವಿಷಯದಲ್ಲಿ 1918ರಲ್ಲಿ ಷಾಟ್ಕಿಯು ತೋರಿಸಿದ ನ್ಯಾಯದಂತೆಯೇ, ಸಾಕಷ್ಟು ವೋಲ್ಟೇಜಿರುವಲ್ಲಿ ಪ್ರವಾಹವನ್ನೂ ಎಲೆಕ್ಟ್ರಾನಿನ ವಿದ್ಯುದಾವೇಶವನ್ನೂ ಮಾತ್ರ ಅವಲಂಬಿಸಿದೆ. ಪ್ರವಾಹವನ್ನು ಏರಿಸಿದಂತೆ ರವವು ಸರಳರೇಖೆಯಲ್ಲಿ ಏರುವುದು. ಆ ಏರಿಕೆಯ ದರದಿಂದ ವರ್ಧನವೂ, ರೇಖೆಯನ್ನು ಸೊನ್ನೆಯೆಡೆಗೆ ಹಿಂದಕ್ಕೆಳೆದಾಗ ಉಳಿಯುವ ಶೇಷದಿಂದ ವರ್ಧಕದ ಸ್ವಂತ ರವವೂ ತಿಳಿಯುವುವು.

ಸಂಧಿಯನ್ನು ಅತಿವಾಹಕವಾಗಿಯೇ ಇರಗೊಟ್ಟರೆ ಲಾಭವುಂಟು. ಅಲ್ಯೂಮಿನಿಯಮಿನ ಅತಿವಾಹಕತೆಯನ್ನಡಗಿಸಲು ಅಯಸ್ಕಾಂತವು ಬೇಡ. ಅದು ನೆರೆಯ ಅತಿವಾಹಕ ವರ್ಧಕಗಳಿಗೆ ಬಾಧಕವಷ್ಟೆ. ಆದರೆ ಸುಮಾರು 0.4 ಮಿಲಿವೋಲ್ಟಿನ ಕೆಳಗೆ ಎಲೆಕ್ಟ್ರಾನ್‌ಜೋಡಿಗಳ ವ್ಯಾಪಾರವು ಬೆರೆತು ನಿಯಮವು ವ್ಯಭಿಚರಿಸುವುದು. ಮೇಲಿನ ಭಾಗವೇ ಸದ್ಧೇತು.

ಇಷ್ಟಾದರೂ ಈ ಪ್ರಾಮಾಣ್ಯವು ಸಂಧಿಯ ಬಾಯಲ್ಲಿ ಮಾತ್ರ ಸಿದ್ಧ. ಸಂಧಿಗೂ ವರ್ಧಕಕ್ಕೂ ನಡುವೆ ಕಳೆದುಹೋದುದು ವರ್ಧಕದ ರವದ ಲೆಕ್ಕಕ್ಕೇ ಸೇರುವುದು. ಅಲೆಯ ಪ್ರಾವಸ್ಥೆಯನ್ನು ಕೆಡಿಸದೆ ಬಹಳವಾಗಿ ಹೆಚ್ಚಿಸುವ ವರ್ಧಕವು ಕನಿಷ್ಠಪಕ್ಷ ಅರ್ಧ ಕ್ವಾಂಟಮ್ ರವವನ್ನು ಕೂಡಿಸಲೇಬೇಕೆಂದು 1982ರಲ್ಲಿ ಕೇವ್ಸ್ ನಿರ್ಣಯಿಸಿದರು. ಆ ಎಲ್ಲೆಯನ್ನು ಮುಟ್ಟಿದೆವೆಂದು ಸಾರುವವರು ನಡುವಣ ನಷ್ಟವನ್ನು ಕಳೆದು ಹೇಳುವರೋ ಕೂಡಿಸಿ ಹೇಳುವರೋ ಎಂಬುದು ಮೊದಲು ವಿಚಾರಿಸತಕ್ಕದ್ದು. ಕಳೆದು ಹೇಳುವುದಾದರೆ, ಆ ನಷ್ಟದ ಲೆಕ್ಕಕ್ಕೆ ಪ್ರಮಾಣವೇನೆಂದು ಮತ್ತೆ ಕೇಳಬೇಕಾಗುವುದು.