ತೋಟದಲ್ಲೊಂದು ಕಿವಿ

ಬೆಳಗಿನ ಜಾವ 3 ಗಂಟೆ 10 ನಿಮಿಷಕ್ಕೆ ಕುಟ್ರುಹಕ್ಕಿ ಕೂಗಿತು ಎಂದು, ಹಕ್ಕಿಗಳ ದನಿ ಕೇಳಿ ಗುರುತಿಸಲು ತೋಟದಲ್ಲಿ ನಾನಿಟ್ಟ ಪೆಟ್ಟಿಗೆ ಬರೆದಿಟ್ಟಿತ್ತು. ಪಟ್ಟಿ ನೋಡಿದ ದೊಡ್ಡಪ್ಪ ಒಪ್ಪಲಿಲ್ಲ. "ಬೆಳಕು ಹರೀದೆ ಅದು ಬಾಯಿ ಬಿಡೂದಿಲ್ಲ ಮಾರಾಯ. ನಿನ್ನ ಪೆಟ್ಟಿಗೆಯಲ್ಲೇ ಏನೋ ತಪ್ಪಿದೆ, ನೋಡು" ಎಂದರು.

ಎರಡು ದಿನ ಮೈಕನ್ನೂ ಪ್ರೋಗ್ರಾಮನ್ನೂ ತಡಕಾಡಿದೆ. ತಪ್ಪಿದ್ದದ್ದು ಗಡಿಯಾರದಲ್ಲಿ. ಪೆಟ್ಟಿಗೆಯೊಳಗಿರುವುದು ರಾಸ್ಪ್‌ಬೆರಿ ಪೈ ಜೀರೋ 2 ಡಬ್ಲ್ಯು: 65 ಮಿ.ಮೀ. ಉದ್ದ, 30 ಮಿ.ಮೀ. ಅಗಲದ ಒಂದು ಪೂರ್ತಿ ಕಂಪ್ಯೂಟರು. 2021ರಲ್ಲಿ 15 ಡಾಲರಿಗೆ ಮಾರುಕಟ್ಟೆಗೆ ಬಂತು. ಆ ಬೆಲೆಗೆ ಇಳಿಸಲು ಬಿಟ್ಟ ವಸ್ತುಗಳಲ್ಲಿ ಗಡಿಯಾರವೂ ಒಂದು. ಇಂಟರ್ನೆಟ್ ಸಿಕ್ಕರೆ ಸಮಯ ಕೇಳಿಕೊಳ್ಳುತ್ತದೆ. ಸಿಗದಿದ್ದರೆ, ಆರಿಹೋಗುವ ಮುನ್ನ ಕೊನೆಯದಾಗಿ ಬರೆದಿಟ್ಟುಕೊಂಡ ಗಂಟೆಯಿಂದಲೇ ಮತ್ತೆ ಎಣಿಸತೊಡಗುತ್ತದೆ. ನಮ್ಮ ತೋಟದವರೆಗೆ ವೈಫೈ ಬರುವುದಿಲ್ಲ. ಅಂದು 3ರ ಸುಮಾರಿಗೆ ಹೋದ ಕರೆಂಟು ಬಂದದ್ದು 6ಕ್ಕೆ. ಹಕ್ಕಿ ಹೊತ್ತಿಗೆ ಸರಿಯಾಗಿಯೇ ಕೂಗಿತ್ತು.

ಪರಿಹಾರ ಡಿಎಸ್3231 ಎಂಬ ಪುಟ್ಟ ಗಡಿಯಾರದ ಮಾಡ್ಯೂಲು. ನಾಲ್ಕೇ ತಂತಿ: 3.3 ವೋಲ್ಟ್, ಗ್ರೌಂಡ್, ಇನ್ನೆರಡು ಮಾಹಿತಿಗೆ. ಜೊತೆಗೊಂದು ಬಟನ್ ಸೆಲ್. ವರ್ಷಕ್ಕೆ ಸುಮಾರು ಒಂದು ನಿಮಿಷದಷ್ಟು ಹೆಚ್ಚುಕಮ್ಮಿಯಾದೀತು, ಅಷ್ಟೆ. ಬೆಸುಗೆ ಹಾಕಿ, ಸೆಟ್ಟಿಂಗ್ಸ್ ಕಡತಕ್ಕೆ ಒಂದು ಸಾಲು ಸೇರಿಸಿದ ಮೇಲೆ ಪೆಟ್ಟಿಗೆಯ ಬೆಳಗೂ ತೋಟದ ಬೆಳಗೂ ಒಂದಾದವು.

2012ರ ಫೆಬ್ರವರಿ 29ರಂದು ಇಂಗ್ಲೆಂಡಿನ ಕೇಂಬ್ರಿಜ್‌ನಿಂದ ಮೊದಲ ರಾಸ್ಪ್‌ಬೆರಿ ಪೈ ಹೊರಬಂದಾಗ, ಅದನ್ನು ರೂಪಿಸಿದ ಎಬೆನ್ ಅಪ್ಟನ್ ಮತ್ತು ಸಂಗಡಿಗರ ಕಣ್ಣಿದ್ದದ್ದು ಶಾಲೆಯ ಮಕ್ಕಳ ಮೇಲೆ. ಅವರು ಕಂಪ್ಯೂಟರ್ ಬಳಸುವುದಷ್ಟೇ ಅಲ್ಲ, ಅದಕ್ಕೆ ಕೆಲಸ ಹೇಳುವುದನ್ನೂ ಕಲಿಯಲಿ ಎಂಬ ಆಸೆ. ಹೊಸ ಪೈ ಬಂದಾಗಲೆಲ್ಲ ವೇಗವೆಷ್ಟು, ಮೆಮೊರಿಯೆಷ್ಟು ಎಂಬ ಚರ್ಚೆ ಏಳುತ್ತದೆ. ನನಗೆ ಅದರಲ್ಲಿ ರುಚಿಯಿಲ್ಲ. ಈ ಬೋರ್ಡು ಯಾವುದಕ್ಕೆ ಕಿವಿಗೊಡುತ್ತದೆ, ಯಾವುದನ್ನು ಮುಟ್ಟುತ್ತದೆ ಎಂಬುದರಲ್ಲೇ ಇದರ ಸೊಗಸಿರುವುದು.

ಹಕ್ಕಿ ಗುರುತಿಸುವ ಕೆಲಸ ಬರ್ಡ್‌ನೆಟ್‌ನದು. ಅಮೆರಿಕದ ಕಾರ್ನೆಲ್ ಪಕ್ಷಿ ಪ್ರಯೋಗಾಲಯ, ಜರ್ಮನಿಯ ಕೆಮ್ನಿಟ್ಸ್ ತಾಂತ್ರಿಕ ವಿಶ್ವವಿದ್ಯಾಲಯ ಸೇರಿ ಬೆಳೆಸಿದ ತಂತ್ರಾಂಶ. ದನಿಯನ್ನು 3 ಸೆಕೆಂಡಿನ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡಿನ ಏರಿಳಿತವನ್ನು ಚಿತ್ರವಾಗಿಸಿ, ಕಲಿತ ಚಿತ್ರಗಳ ಜೊತೆ ಹೋಲಿಸಿ, ಸೊನ್ನೆಯಿಂದ ಒಂದರೊಳಗೆ ಅಂಕ ಕೊಡುತ್ತದೆ. ಊರಿನ ಅಕ್ಷಾಂಶ, ರೇಖಾಂಶ ತಿಳಿಸಿದರೆ ಆ ವಾರ ಅಲ್ಲಿರಲಾರದ ಹಕ್ಕಿಗಳನ್ನು ಬದಿಗಿಡುತ್ತದೆ. ನಾನು 0.7ಕ್ಕಿಂತ ಕೆಳಗಿನದನ್ನು ಪಟ್ಟಿಗೆ ಸೇರಿಸುವುದಿಲ್ಲ.

ಖರ್ಚು ಮಾಡುವುದಿದ್ದರೆ ಮೈಕಿಗೆ ಮಾಡಿ. ಪೈ ಜೀರೋಗೆ ಮೈಕ್ ಸಿಕ್ಕಿಸುವ ಜಾಗವೇ ಇಲ್ಲ. ಯುಎಸ್‌ಬಿ ಸೌಂಡ್ ಕಾರ್ಡ್ ಬೇಕು. ಮೈಕನ್ನು ಪಿವಿಸಿ ಎಲ್ಬೋದೊಳಗೆ ಕೆಳಮುಖವಾಗಿ ಕೂರಿಸಿದೆ. ಮೇಲೆ ಹೊದಿಸಿದ ಅಡಿಕೆ ಹಾಳೆ ಮೊದಲ ಮಳೆಗೇ ತಮಟೆಯಂತೆ ಬಡಿದುಕೊಂಡಿತು. ಹಾಳೆಯ ಮೇಲೆ ದಪ್ಪಗೆ ತೆಂಗಿನ ನಾರು ಹಾಸಿದ ಮೇಲೆ ಹನಿಯ ಸದ್ದು ಅಡಗಿತು.

ಗಡಿಯಾರ ಸರಿಯಾದ ಮರುವಾರ ಪಟ್ಟಿಯಲ್ಲಿ ಗಿಡುಗ ಕಾಣಿಸಿಕೊಂಡಿತು. ಅಂಕ 0.82. ಪೆಟ್ಟಿಗೆ ಹಕ್ಕಿಯ ಹೆಸರಿನ ಜೊತೆ ಕೆಲವೇ ಸೆಕೆಂಡಿನ ದನಿಯನ್ನೂ ಉಳಿಸಿಕೊಳ್ಳುತ್ತದೆ. ಸಂಜೆ ಜಗಲಿಯಲ್ಲಿ ಕೂತು ಅದನ್ನು ಹಾಕಿದೆ. ದೊಡ್ಡಪ್ಪ ಕಣ್ಣು ಮುಚ್ಚಿ ಕೇಳಿದರು. "ಕೊನೇದು ಇನ್ನೊಂದ್ಸಲ ಹಾಕು."

ಕೊನೆಯಲ್ಲಿ, ಗಿಡುಗನ ಕೂಗು ಮುಗಿದ ಮೇಲೆ, ಲೋಹ ತಟ್ಟಿದಂಥ ಒಂದು ಸಣ್ಣ ಸ್ವರವಿತ್ತು.

"ಭೀಮರಾಜ" ಎಂದರು.

ಬಾಲದಿಂದ ಎರಡು ತಂತಿ ಇಳಿಬಿಟ್ಟುಕೊಂಡು, ತುದಿಯಲ್ಲಿ ಗರಿಯ ಬಿಲ್ಲೆ ತೂಗಿಸುವ ಹಕ್ಕಿ. ಬೇರೆ ಹಕ್ಕಿಗಳ ಕೂಗನ್ನು ಯಥಾವತ್ತಾಗಿ ಅನುಕರಿಸಬಲ್ಲದು. ಮೂರು ಸೆಕೆಂಡಿನ ತುಂಡನ್ನಷ್ಟೇ ನೋಡುವ ಯಂತ್ರಕ್ಕೆ ಅದು ಅಪ್ಪಟ ಗಿಡುಗ. ಮುಂದೆ ಬಂದ ಸ್ವರವನ್ನೂ ಕೂಡಿಸಿ ಕೇಳಿದವರಿಗೆ ಮಾತ್ರ ಗುಟ್ಟು ಸಿಗುತ್ತದೆ.

ಅಂದಿನಿಂದ ಗಿಡುಗ ಎಂದು ಬಂದ ಪ್ರತಿ ತುಣುಕನ್ನೂ ಇಬ್ಬರೂ ಕೇಳಿಯೇ ಪಟ್ಟಿಗೆ ಸೇರಿಸುತ್ತೇವೆ. ಈವರೆಗೆ 11 ಬಂದಿವೆ. ದೊಡ್ಡಪ್ಪ ಒಪ್ಪಿದ್ದು ನಾಲ್ಕನ್ನು.