ಡಿಜೆ ಪದಗಳು ಮತ್ತು ತಾಳದ ಬಡತನ

ದೀಪಾವಳಿ ಮುಗಿಯಿತೆಂದರೆ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಸೀಮೆಯಲ್ಲಿ ಹೋರಿ ಬೆದರಿಸುವ ಹಬ್ಬಗಳ ಸಾಲು ಶುರುವಾಗುತ್ತದೆ. ಕೊರಳಿಗೆ ಕೊಬ್ಬರಿ ಸರ, ಕೋಡಿಗೆ ಬಲೂನು, ಮೈಗೆ ಬಣ್ಣದ ಜೂಲ ಕಟ್ಟಿಸಿಕೊಂಡ ಹೋರಿ ಜನರ ನಡುವೆ ನುಗ್ಗಿ ಓಡಬೇಕು. ಕೊಬ್ಬರಿ ಕಿತ್ತುಕೊಂಡವರು ಗೆದ್ದಂತೆ, ಯಾರ ಕೈಗೂ ಸಿಗದೆ ದಾಟಿದರೆ ಹೋರಿ ಗೆದ್ದಂತೆ. ಈ ಹೋರಿಗಳಿಗೆ ಒಂದೊಂದು ಹೆಸರು, ಹೆಸರಿಗೊಂದು ಅಭಿಮಾನಿ ಬಳಗ, ಈಗ ಬಳಗಕ್ಕೊಂದು ಹಾಡು. ಹಾಡು ಬರೆದು, ಕೀಬೋರ್ಡಿನಲ್ಲಿ ಟ್ರ್ಯಾಕ್ ಮಾಡಿಸಿ, ಯೂಟ್ಯೂಬಿಗೆ ಏರಿಸಿ, ಕೊನೆಗೆ ಟ್ರೇಲರಿನ ಮೇಲೆ ಪೇರಿಸಿದ ಬಾಕ್ಸುಗಳಲ್ಲಿ ಊರಿಗೆಲ್ಲ ಕೇಳಿಸುವುದು ಹಬ್ಬದ ಸಿದ್ಧತೆಯ ಭಾಗವೇ ಆಗಿದೆ. ಎತ್ತು, ಬಸವಣ್ಣನನ್ನು ಹೊಗಳುವ ಪದ ನಮಗೆ ಹೊಸದಲ್ಲ. ಆದರೆ ಒಂದೇ ಒಂದು ಹೋರಿಯ ಹೆಸರು, ಅದರ ಒಡೆಯನ ಊರು, ಅದು ಮೆರೆದ ಅಖಾಡಗಳನ್ನು ಕಟ್ಟಿ ಹೇಳುವ ಈ ಬಗೆ ಯಂತ್ರದ ಜೊತೆಜೊತೆಗೇ ಬೆಳೆದದ್ದು. ಹೊಸ ವಸ್ತು, ಹೊಸ ಕೇಳುಗ, ಹೊಸ ವಾದ್ಯ ಮೂರೂ ಒಂದೆಡೆ ಸೇರಿರುವಾಗ ಇದನ್ನು ಒಂದು ಪಂಥವೆಂದೇ ಪರಿಗಣಿಸಿ ವಿಮರ್ಶೆಗೆ ಎತ್ತಿಕೊಳ್ಳಬೇಕು. ಗದ್ದಲವೆಂದು ತಳ್ಳಿಹಾಕುವುದು ಸುಲಭ. ಜನಪ್ರಿಯವೆಂದು ಮೆಚ್ಚಿಬಿಡುವುದು ಇನ್ನೂ ಸುಲಭ. ನನ್ನ ವಾದ ಇಷ್ಟು: ಈ ಪಂಥ ಮಾತಿನಲ್ಲಿ ಶ್ರೀಮಂತವಾಗಿದೆ, ತಾಳದಲ್ಲಿ ಬಡವಾಗಿದೆ. ಆ ಬಡತನಕ್ಕೆ ವಿದ್ಯುತ್ ವಾದ್ಯ ಕಾರಣವಲ್ಲ, ಆ ವಾದ್ಯದೊಳಗೆ ನಾವು ಏನನ್ನೂ ತುಂಬದೆ ಬಿಟ್ಟದ್ದು ಕಾರಣ.

ಮೊದಲು ಶ್ರೀಮಂತಿಕೆಯ ಮಾತು. ಕ್ಯಾಸೆಟ್ಟಿನ ಕಾಲದಲ್ಲಿ ಗುರುರಾಜ ಹೊಸಕೋಟೆಯವರಂಥವರು ಉತ್ತರ ಕರ್ನಾಟಕದ ಆಡುಮಾತನ್ನು ಹಾಗೆಹಾಗೆಯೇ ಧ್ವನಿಮುದ್ರಣಕ್ಕೆ ತಂದರು. ಕ್ಯಾಸೆಟ್ ಹೋಗಿ ಮೆಮೊರಿ ಕಾರ್ಡು ಬಂತು, ಅದೂ ಹೋಗಿ ಯೂಟ್ಯೂಬ್ ಬಂತು. ಆ ಮಾತಿನ ಸೊಗಡು ಮಾತ್ರ ಹೋಗಲಿಲ್ಲ. ರಾಯಬಾಗ ತಾಲ್ಲೂಕಿನ ನಿಪನಾಳದ ಮಾಳು ಹಾಡಿದ ಡ್ರೈವರನ ಪದ ಕರ್ನಾಟಕದ ಉದ್ದಗಲಕ್ಕೂ ಓಡಾಡಿತು, ಅವರನ್ನು 2025ರಲ್ಲಿ ಬಿಗ್ ಬಾಸ್ ಮನೆಯವರೆಗೂ ಕರೆದೊಯ್ದಿತು. ತಾವೇ ಪದ ಕಟ್ಟಿ ಹಾಡುವ ಬಾಳು ಬೆಳಗುಂದಿ ಸರಿಗಮಪ ವೇದಿಕೆಯಲ್ಲಿ, ಸಿನಿಮಾ ಹಾಡುಗಳ ನಡುವೆ, ತಮ್ಮದೇ ಸಾಲುಗಳಿಂದ ಮೆಚ್ಚುಗೆ ಗಳಿಸಿದರು. ಈ ಪದಗಳ ನಾಯಕ ಟ್ರ್ಯಾಕ್ಟರ್ ಓಡಿಸುವವನು, ಕಬ್ಬು ಕಡಿಯುವವನು, ಮೆಣಸಿನಕಾಯಿ ಚೀಲ ಹೊರುವವನು. ಬೆಂಗಳೂರಿನ ಸಿನಿಮಾ ಹಾಡು ಇವನನ್ನು ಹಾಸ್ಯಕ್ಕಷ್ಟೇ ಕರೆಯುತ್ತಿತ್ತು. ಇಲ್ಲಿ ಅವನೇ ತನ್ನ ಕಥೆ ಹೇಳುತ್ತಾನೆ. ಹೆಣ್ಣು ಮಾತ್ರ ಬಹುತೇಕ ಪದಗಳಲ್ಲಿ ಕೈಕೊಟ್ಟು ಹೋದವಳಾಗಿಯೇ ಉಳಿದಿದ್ದಾಳೆ. ಬೀಸುವ ಕಲ್ಲಿನ ಮುಂದೆ ಕೂತು ಹೆಂಗಸರೇ ಕಟ್ಟಿದ ತ್ರಿಪದಿಗಳ ನಾಡಿನಲ್ಲಿ ಈ ಒಂದು ಕೊರತೆಯೇ ಇನ್ನೊಂದು ಲೇಖನಕ್ಕೆ ಸಾಲುತ್ತದೆ.

ಜಾನಪದವೆಂದರೆ ಚರ್ಮವಾದ್ಯ, ಬಿದಿರು, ಕಂಚಿನ ತಾಳ. ಪ್ಲಗ್ಗಿಗೆ ಸಿಕ್ಕಿಸಿದ್ದು ಜಾನಪದವಲ್ಲ ಎನ್ನುವವರಿದ್ದಾರೆ. ಅವರಿಗೆ ಹಾರ್ಮೋನಿಯಂ ನೆನಪಿಸಬೇಕು. 1842ರಲ್ಲಿ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಪಡೆದ ಆ ಪೆಟ್ಟಿಗೆ ಕಲ್ಕತ್ತೆಯಲ್ಲಿ ಕೈಯಿಂದ ತಿದಿಯೊತ್ತುವ ರೂಪ ತಾಳಿ, ನಾಟಕ ಕಂಪನಿಗಳ ಸಂಗಡ ನಮ್ಮ ಊರುಗಳಿಗೆ ಬಂತು. ಗಮಕ ಹಿಡಿಯಲು ಬಾರದ ಪರದೇಶಿ ವಾದ್ಯವೆಂದು ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ಹೊರಗಿಟ್ಟಿತು. ಅದೇ ಅವಧಿಯಲ್ಲಿ ನಮ್ಮ ಭಜನಾ ಮೇಳಗಳು, ಸಣ್ಣಾಟದ ಮೇಳಗಳು ಆ ಪೆಟ್ಟಿಗೆಯನ್ನು ಎಷ್ಟು ತಮ್ಮದಾಗಿಸಿಕೊಂಡವೆಂದರೆ, ಶಿಶುನಾಳ ಶರೀಫರ ತತ್ವಪದವನ್ನು ಪೇಟಿಯಿಲ್ಲದೆ ಕೇಳುವುದೇ ಇಂದು ವಿಚಿತ್ರವೆನಿಸುತ್ತದೆ. ಹಾನಗಲ್ ತಾಲ್ಲೂಕಿನಲ್ಲಿ ಹುಟ್ಟಿ ಗದುಗಿನ ವೀರೇಶ್ವರ ಪುಣ್ಯಾಶ್ರಮ ಬೆಳಗಿಸಿದ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಶಾಸ್ತ್ರೀಯ ಸಂಗೀತವನ್ನೂ ನಾಟಕ ಕಂಪನಿಯನ್ನೂ ಒಂದೇ ಸೂರಿನಡಿ ನಡೆಸಿದವರು. ವಾದ್ಯದ ಹುಟ್ಟೂರು ಕೇಳುತ್ತ ಕೂತವರಲ್ಲ. ಇನ್ನು ನಮ್ಮ ಶಾಸ್ತ್ರೀಯ ಗಾಯಕರ ಬೆನ್ನ ಹಿಂದೆ ಮೀಟುವ ತಂಬೂರಿಯೇ ಇಂದು ಎಷ್ಟೋ ಕಡೆ ವಿದ್ಯುತ್ತಿನದು. ಅದನ್ನು ರೂಪಿಸಿದ್ದು ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರ ರೇಡೆಲ್ ಸಂಸ್ಥೆ. ಹಾಗಾಗಿ ತಂತಿಯ ಮೂಲಕ ಹರಿಯುವ ಸ್ವರ ಮಡಿಯೋ ಮೈಲಿಗೆಯೋ ಎಂಬ ಚರ್ಚೆ ಮುಗಿದಿದೆ.

ಮುಗಿಯದ ಚರ್ಚೆ ತಾಳದ್ದು. ಈ ಸೀಮೆಯ ಪದ್ಯ ಪರಂಪರೆಯನ್ನೇ ನೋಡಿ. ಹಾವೇರಿ ಜಿಲ್ಲೆಯ ಬಾಡದಲ್ಲಿ ಹುಟ್ಟಿ ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯಲ್ಲಿ ನೆಲೆ ನಿಂತ ಕನಕದಾಸರು ನಳಚರಿತ್ರೆ, ಹರಿಭಕ್ತಿಸಾರಗಳನ್ನು ಬರೆದದ್ದು ಭಾಮಿನಿ ಷಟ್ಪದಿಯಲ್ಲಿ. ಮೂರು ಮಾತ್ರೆ, ನಾಲ್ಕು ಮಾತ್ರೆ ಜೋಡಿಯಾಗಿ ಬರುವ ಏಳರ ನಡೆ ಅದು. ಅಬಲೂರಿನ ಸರ್ವಜ್ಞನ ತ್ರಿಪದಿ ಅಂಶಗಣದ್ದು. ಅಲ್ಲಿ ಅಕ್ಷರದ ಉದ್ದ ಹಾಡುವವನ ಉಸಿರಿಗೆ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ಡೊಳ್ಳಿನವರು ವೃತ್ತ ಕಟ್ಟಿ ನಿಧಾನಕ್ಕೆ ಶುರುಮಾಡಿ, ಹೆಜ್ಜೆ ಬದಲಾದಂತೆ ಪೆಟ್ಟು ಬದಲಿಸುತ್ತ, ಕೊನೆಗೆ ಉಸಿರು ಕಟ್ಟುವ ವೇಗ ಮುಟ್ಟುತ್ತಾರೆ. ಕರಡಿ ಮಜಲಿನಲ್ಲಿ ಕರಡೆಯೂ ಶಹನಾಯಿಯೂ ಒಂದು ಮಜಲಿನಿಂದ ಇನ್ನೊಂದಕ್ಕೆ ದಾಟುವ ಜಾಗವೇ ಕೇಳುಗ ಕಾದು ಕೂತ ಜಾಗ. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ಮಾಲತೇಶನ ಕಾರಣಿಕಕ್ಕೆ ಸೇರುವ ಗೊರವಯ್ಯಗಳ ಡಮರು ಯಾವ ಗಡಿಯಾರದ ಅಳತೆಗೂ ಸಿಗುವಂಥದ್ದಲ್ಲ. ಇಷ್ಟೆಲ್ಲ ಇದ್ದೂ, ಇದೇ ನೆಲದಿಂದ ಹೊರಡುವ ಡಿಜೆ ಟ್ರ್ಯಾಕುಗಳಲ್ಲಿ ಹೆಚ್ಚಿನವು ಕೇಳಿಸುವುದು ಒಂದೇ ಅಳತೆಯ ನಾಲ್ಕು ಪೆಟ್ಟು. ಹೋರಿ ಪದಕ್ಕೂ ಅದೇ, ವಿರಹದ ಪದಕ್ಕೂ ಅದೇ, ಗಣಪತಿ ಬಿಡುವ ಪದಕ್ಕೂ ಅದೇ. ಏಳು ಮಾತ್ರೆಯ ಸಾಲು ಬಂದರೆ ಒಂದು ಮಾತ್ರೆ ಎಳೆದು ಎಂಟು ಮಾಡುತ್ತಾರೆ. ತತ್ವಪದವನ್ನು ರೀಮಿಕ್ಸ್ ಮಾಡುವಾಗ ಪದದ ನಡುವಿನ ನಿಲುಗಡೆ ಕತ್ತರಿಸುತ್ತಾರೆ. ರಾಗ ಉಳಿಯುತ್ತದೆ, ಮಾತು ಉಳಿಯುತ್ತದೆ, ನಡಿಗೆ ಸಾಯುತ್ತದೆ. ಜಾನಪದದ ಜೀವ ನಡಿಗೆಯಲ್ಲಿರುವಾಗ ಇದು ಸಣ್ಣ ನಷ್ಟವಲ್ಲ.

ಇದು ಯಂತ್ರದ ಸ್ವಭಾವವೇ ಎಂದು ಕೈಚೆಲ್ಲುವವರು ಸ್ವೀಡನ್ನಿನ ಕಡೆ ನೋಡಬೇಕು. ವಿದ್ಯುತ್ ಸಂಗೀತದಲ್ಲಿ ಆ ಪುಟ್ಟ ದೇಶದ ಪಾತ್ರ ಅದರ ಗಾತ್ರಕ್ಕೆ ಮೀರಿದ್ದು. ಸ್ವೀಡಿಷ್ ಹೌಸ್ ಮಾಫಿಯಾ ಕ್ರೀಡಾಂಗಣಗಳನ್ನು ತುಂಬಿಸಿತು. ಅಕ್ಕ ತಮ್ಮ ಸೇರಿ ಕಟ್ಟಿದ ದಿ ನೈಫ್ 2006ರಲ್ಲಿ ಸೈಲೆಂಟ್ ಶೌಟ್ ಎಂಬ ಆಲ್ಬಮ್ಮಿನಲ್ಲಿ ಕಂಠವನ್ನೇ ಯಂತ್ರದಿಂದ ವಿರೂಪಗೊಳಿಸಿ ಬೇರೆ ಲೋಕ ತೆರೆಯಿತು. 28ನೇ ವಯಸ್ಸಿಗೇ 2018ರಲ್ಲಿ ತೀರಿಕೊಂಡ ಅವಿಚಿ, ಅಂದರೆ ಟಿಮ್ ಬರ್ಗ್ಲಿಂಗ್, ಮನೆಯ ಕಂಪ್ಯೂಟರಿನಲ್ಲಿ ಎಫ್‌ಎಲ್ ಸ್ಟುಡಿಯೊ ಎಂಬ ತಂತ್ರಾಂಶ ಹಿಡಿದು ತಾನೇ ಕಲಿತವನು. ನಮ್ಮ ಡಿಜೆ ಮಿಕ್ಸಿಂಗ್ ಹುಡುಗರಿಗೂ ಅಪರಿಚಿತವಲ್ಲದ ತಂತ್ರಾಂಶ ಅದು. 2013ರಲ್ಲಿ ಅವನು ಅಮೆರಿಕದ ಹಳ್ಳಿಗಾಡಿನ ಬ್ಲೂಗ್ರಾಸ್ ಹಾಡಿಕೆಯನ್ನು ನೃತ್ಯದ ತಾಳಕ್ಕೆ ಸೇರಿಸಿ ಮಯಾಮಿಯ ವೇದಿಕೆಯಲ್ಲಿ ನುಡಿಸಿದಾಗ ಸೇರಿದ ಜನ ಮುಖ ಸಿಂಡರಿಸಿದರು. ಕೆಲವೇ ತಿಂಗಳಲ್ಲಿ ಅದೇ ಹಾಡು ಲೋಕವನ್ನೇ ಕುಣಿಸಿತು. ಆದರೂ ಒಂದು ಮಾತು ಹೇಳಬೇಕು. ಅವಿಚಿ ಕೂಡ ಜಾನಪದದ ರಾಗ, ಗಿಟಾರುಗಳನ್ನು ತಂದನೇ ಹೊರತು ತಾಳವನ್ನು ನಾಲ್ಕಕ್ಕೇ ಕಟ್ಟಿದ. ಸ್ವೀಡನ್ನಿಗೆ ತನ್ನದೇ ಪೋಲ್ಸ್ಕಾ ಇದೆ. ಮೂರು ಪೆಟ್ಟಿನ ಆ ಕುಣಿತ ಕೆಲವು ಪ್ರಾಂತ್ಯಗಳಲ್ಲಿ ಒಂದು ಪೆಟ್ಟನ್ನು ಕುಗ್ಗಿಸಿ ಇನ್ನೊಂದನ್ನು ಹಿಗ್ಗಿಸುತ್ತದೆ, ಯಂತ್ರದ ಸಮ ಅಳತೆಗೆ ಒಗ್ಗುವುದಿಲ್ಲ. ಕ್ರೀಡಾಂಗಣದ ಸಂಗೀತ ಅದನ್ನು ಮುಟ್ಟಲಿಲ್ಲ. ಹೆಡ್ನಿಂಗಾರ್ನಾದಂಥ ತಂಡಗಳು ಮುಟ್ಟಿದವು, ಹಳೆಯ ವಾದ್ಯಗಳಿಗೆ ವಿದ್ಯುತ್ ಕೊಟ್ಟು ಆ ವಕ್ರ ನಡೆಯನ್ನೇ ಮುಂದಿಟ್ಟವು. ಯಂತ್ರ ಎರಡನ್ನೂ ಮಾಡಬಲ್ಲದು. ಯಾವುದು ಬೇಕೆಂದು ತೀರ್ಮಾನಿಸುವುದು ಕಿವಿ.

ಆ ಕಿವಿ ಎಲ್ಲಿಂದ ಬಂತು ಎಂಬುದು ನಮಗೆ ಮುಖ್ಯವಾಗಬೇಕಾದ ಪ್ರಶ್ನೆ. ಸ್ವೀಡನ್ನಿನ ಪೌರಸಂಸ್ಥೆಗಳು ಮಕ್ಕಳಿಗೆ ಕಡಿಮೆ ಶುಲ್ಕದಲ್ಲಿ ವಾದ್ಯ ಕಲಿಸುವ ಸಂಗೀತ ಶಾಲೆಗಳನ್ನು ದಶಕಗಳ ಕಾಲ ನಡೆಸಿಕೊಂಡು ಬಂದಿವೆ. 1964ರಲ್ಲೇ ಸ್ಟಾಕ್‌ಹೋಮಿನಲ್ಲಿ ವಿದ್ಯುತ್ ಸಂಗೀತಕ್ಕೆಂದು ಇಎಂಎಸ್ ಎಂಬ ಸ್ಟುಡಿಯೊ ಶುರುವಾಯಿತು. ಸರ್ಕಾರದ ಹಣದಲ್ಲಿ ನಡೆಯುವ ಅದು ಸಂಯೋಜಕರಿಗೆ ಇಂದಿಗೂ ತೆರೆದಿದೆ. ಸ್ವೀಡನ್ನಿನವರು ವಾದ್ಯಗಳನ್ನೂ ತಾವೇ ಮಾಡಿಕೊಂಡರು: ಸ್ಟಾಕ್‌ಹೋಮಿನ ಕ್ಲಾವಿಯಾ ಕಂಪನಿ ಮೊದಲು ಮಾಡಿದ್ದು ವಿದ್ಯುತ್ ಡ್ರಮ್, ಆಮೇಲೆ 1995ರಲ್ಲಿ ಲೋಕಪ್ರಸಿದ್ಧವಾದ ಕೆಂಪು ನಾರ್ಡ್ ಲೀಡ್ ಕೀಬೋರ್ಡ್. ನಮ್ಮ ಆರ್ಕೆಸ್ಟ್ರಾದವರ ಕೈಗೆ ಸಿಗುವುದು ಜಪಾನಿನ ಕೀಬೋರ್ಡು, ಜಪಾನಿನ ಪ್ಯಾಡು. ಭಾರತಕ್ಕೆಂದು ತಯಾರಾದ ಕೀಬೋರ್ಡುಗಳಲ್ಲಿ ತಬಲಾ, ಢೋಲಕ್, ಭಾಂಗ್ರಾ ಇವೆ. ಅವುಗಳ ಆಯ್ಕೆ ದೇಶದ ದೊಡ್ಡ ಮಾರುಕಟ್ಟೆ ನೋಡಿ ಆದದ್ದು, ಹಾವೇರಿಯ ಸಮಾಳವನ್ನೋ ಹಲಗೆಯನ್ನೋ ನೋಡಿ ಆದದ್ದಲ್ಲ. ಗಂಟೆ ಲೆಕ್ಕದಲ್ಲಿ ಬಾಡಿಗೆ ಕೊಟ್ಟು ಹಾಡು ಮುಗಿಸಬೇಕಾದ ಹುಡುಗ ಗುಂಡಿ ಒತ್ತಿದರೆ ಬರುವ ತಾಳವನ್ನೇ ಹಾಕಿಕೊಳ್ಳುತ್ತಾನೆ. ಅವನನ್ನು ಬೈದು ಪ್ರಯೋಜನವಿಲ್ಲ.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಬರುತ್ತದೆ: ಮೆರವಣಿಗೆಯಲ್ಲಿ ಸಾವಿರ ಜನ ಒಟ್ಟಿಗೆ ಕುಣಿಯಬೇಕು, ಸಾವಿರ ಕಾಲಿಗೆ ನಾಲ್ಕು ಪೆಟ್ಟೇ ಸರಿ, ಏಳರ ನಡೆ ಪಂಡಿತರ ಚಪಲ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಗುಂಪಿಗೆ ಸರಳ ತಾಳ ಬೇಕು ನಿಜ. ಆದರೆ ಹೆಜ್ಜೆಮೇಳವನ್ನೂ ಡೊಳ್ಳನ್ನೂ ಕುಣಿದದ್ದು ಪಂಡಿತರಲ್ಲ, ಇದೇ ಊರಿನ ಒಕ್ಕಲು ಮಕ್ಕಳು; ಅವರ ಕಾಲಿಗೆ ನಡೆ ಬದಲಾಯಿಸುವುದು ತಿಳಿದಿತ್ತು. ಈಗ ಕಾಲು ಕಲಿಯುವುದೇ ಬೇಡವಾಗಿರುವುದಕ್ಕೆ ಸದ್ದಿನ ಅಬ್ಬರವೂ ಕಾರಣ. ಬಾಕ್ಸಿನ ಎದುರು ಎದೆಗೂಡು ನಡುಗುವಾಗ ಕಿವಿಗೆ ಸೂಕ್ಷ್ಮ ಕೇಳಿಸುವುದಿಲ್ಲ, ಕೆಳಸ್ವರದ ಗುದ್ದು ಮಾತ್ರ ತಲುಪುತ್ತದೆ. ಹಾಡು ಕಟ್ಟುವವನಿಗೂ ಇದು ಗೊತ್ತು, ಆದ್ದರಿಂದ ಗುದ್ದಿಗಾಗಿಯೇ ಕಟ್ಟುತ್ತಾನೆ. 2000ದ ಶಬ್ದ ಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಹಾಕಿವೆ. ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕಕ್ಕೆ ತಡೆಯಿದೆ. ಮುದುಕರು, ಕೂಸುಗಳ ಆರೋಗ್ಯಕ್ಕಾಗಿ ಈ ನಿಯಮ ಬೇಕೇ ಬೇಕು. ಅದು ಸಂಗೀತಕ್ಕೂ ಉಪಕಾರಿ ಎಂಬುದನ್ನು ಡಿಜೆ ಪರ ವಾದಿಸುವವರು ಗಮನಿಸಿಲ್ಲ: ಸದ್ದು ಇಳಿದರೆ ಮಾತು ಕೇಳಿಸುತ್ತದೆ, ಪೆಟ್ಟಿನ ಒಳಗಿನ ಪೆಟ್ಟು ಕೇಳಿಸುತ್ತದೆ.

ಇನ್ನೊಂದು ಆಕ್ಷೇಪ ನನಗೆ ಹೆಚ್ಚು ಭಾರವೆನಿಸುತ್ತದೆ. ಹಲಗೆ ಬಾರಿಸುವುದು ದಲಿತ ಕೇರಿಯ ಮೇಲೆ ಹೇರಿದ ಚಾಕರಿಯಾಗಿತ್ತು. ಶಹನಾಯಿ, ವಾಲಗ ಭಜಂತ್ರಿಗಳ ಜಾತಿಕಸುಬಾಗಿತ್ತು. ಯಂತ್ರ ಬಂದು ಆ ಹಂಗು ಕಳಚಿತು, ಕೀಬೋರ್ಡಿಗೆ ಜಾತಿಯಿಲ್ಲ. ಹಳೆಯ ತಾಳಕ್ಕಾಗಿ ಹಲುಬುವವರು ಹಳೆಯ ಊರನ್ನೂ ಬಯಸುತ್ತಿದ್ದಾರೆಯೇ? ಈ ಪ್ರಶ್ನೆಯನ್ನು ನುಣುಚಿಕೊಂಡು ಹೋಗುವ ಯಾವ ಜಾನಪದ ಪ್ರೇಮವೂ ನಂಬಲು ಯೋಗ್ಯವಲ್ಲ. ಯಾರೂ ಯಾರ ಮನೆ ಮುಂದೆಯೂ ಕಡ್ಡಾಯವಾಗಿ ಹಲಗೆ ಬಾರಿಸಬೇಕಾಗಿಲ್ಲ, ಆ ಕಾಲ ಹೋದದ್ದೇ ಒಳ್ಳೆಯದು. ಆದರೆ ಹಂಗು ಕಳಚಿದ್ದರ ಜೊತೆಗೆ ಏನು ನಡೆಯಿತೆಂಬುದನ್ನೂ ನೋಡಬೇಕು. ಬಾಕ್ಸಿನ ಬಾಡಿಗೆ ಬಂಡವಾಳ ಇದ್ದವನ ಪಾಲಾಯಿತು. ತಲೆತಲಾಂತರದ ತಾಳಜ್ಞಾನ ಇದ್ದವನು ಮೆರವಣಿಗೆಯಿಂದ ಹೊರಬಿದ್ದ, ಅವನ ಜ್ಞಾನಕ್ಕೆ ಬೆಲೆಯೂ ಸಿಗಲಿಲ್ಲ. ಅವಮಾನ ಹೋಗಲಿ, ವಿದ್ಯೆ ಉಳಿಯಲಿ ಎಂದು ಕೇಳುವುದು ಹಳೆಯ ಊರನ್ನು ಬಯಸಿದಂತೆ ಆಗುವುದಿಲ್ಲ. ಅದೇ ವಾದಕ ಮೈಕಿನ ಮುಂದೆ ಕೂತು, ಸಂಭಾವನೆ ಪಡೆದು, ತನ್ನ ಹೆಸರಿನಲ್ಲಿ ತನ್ನ ಪೆಟ್ಟನ್ನು ಧ್ವನಿಮುದ್ರಿಸಿ ಕೊಟ್ಟರೆ ಅವನು ಚಾಕರಿಯವನಲ್ಲ, ಗುರು.

ಅದಕ್ಕೆ ಮನೆ ಎಲ್ಲಿದೆ? ಹಾವೇರಿ ಜಿಲ್ಲೆಯಲ್ಲೇ ಇದೆ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಜಾನಪದಕ್ಕೆಂದೇ ಇರುವ ಸಂಸ್ಥೆ. ಇಂಥ ಕೆಲಸಕ್ಕೆ ಮಾದರಿಯೂ ಇಲ್ಲಿಯದೇ ಇದೆ: ರಾಣೆಬೆನ್ನೂರು ತಾಲ್ಲೂಕಿನ ಜೋಯಿಸರಹರಳಹಳ್ಳಿಯಲ್ಲಿ ಹುಟ್ಟಿದ ಹಾನಗಲ್ ಕುಮಾರ ಸ್ವಾಮಿಗಳು ಕಣ್ಣಿಲ್ಲದ ಒಬ್ಬ ಬಡ ಹುಡುಗನಿಗೆ ಸಂಗೀತ ಕಲಿಸಲು ಮುಂದಾದರು. ಅವನು ಪಂಚಾಕ್ಷರಿ ಗವಾಯಿಯಾದ, ಅವನ ಆಶ್ರಮದಿಂದ ಸಾಲುಸಾಲು ಗಾಯಕರು, ವಾದಕರು ಹೊರಬಂದರು. ಸ್ವೀಡನ್ನಿನ ಪೌರ ಸಂಗೀತ ಶಾಲೆ ಮಾಡಿದ ಕೆಲಸವನ್ನು ಈ ನೆಲ ತನ್ನ ರೀತಿಯಲ್ಲಿ ಮಾಡಿತೋರಿಸಿದೆ. ಗೊಟಗೋಡಿಯಲ್ಲಿ ಒಂದು ಧ್ವನಿಮುದ್ರಣ ಕೋಣೆ ಇರಲಿ. ಡೊಳ್ಳು, ಕರಡೆ, ಸಮಾಳ, ಹಲಗೆ, ಡಮರುಗಳ ಒಂದೊಂದು ಪೆಟ್ಟನ್ನೂ ಒಂದೊಂದು ನಡೆಯನ್ನೂ ವಾದಕರಿಗೆ ಹಣ ಕೊಟ್ಟು, ಹೆಸರು ನಮೂದಿಸಿ ಮುದ್ರಿಸಲಿ. ಕೀಬೋರ್ಡಿಗೂ ಪ್ಯಾಡಿಗೂ ಕಂಪ್ಯೂಟರಿಗೂ ಹೊಂದುವಂತೆ ಮಾಡಿ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನ ಹುಡುಗರಿಗೆ ಉಚಿತವಾಗಿ ಹಂಚಲಿ. ಬೇಸಿಗೆಯಲ್ಲಿ ಡೊಳ್ಳಿನವರನ್ನೂ ಟ್ರ್ಯಾಕ್ ಮಾಡುವವರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಕಮ್ಮಟ ನಡೆಸಲಿ. ಮುಂದಿನ ದೀಪಾವಳಿಯ ಹೋರಿ ಪದಗಳಲ್ಲಿ ಒಂದಾದರೂ ಏಳರ ನಡೆಯಲ್ಲಿ ಬಂದರೆ ಖರ್ಚು ಮಾಡಿದ್ದು ಸಾರ್ಥಕ. ಇದಕ್ಕೆ ಬೇಕಾದ ಹಣ ದೊಡ್ಡದಲ್ಲ. ವಿಶ್ವವಿದ್ಯಾಲಯವೂ ಜಿಲ್ಲಾಡಳಿತವೂ ಕೂತು ತೀರ್ಮಾನಿಸಬೇಕು.