ತಿರುಗಿ ಹತ್ತಿದವನು

‘ಬಲ ಇದ್ದವನೇ ಗೆಲ್ಲಲಿ’ ಪಂಗಡದ ಗೆಳೆಯನೊಬ್ಬ ಭಾನುವಾರದ ಸೈಕಲ್ ಸವಾರಿ ಮುಗಿಸಿ, ಇಡ್ಲಿ ಮುಂದಿಟ್ಟುಕೊಂಡು, ಮತ್ತೆ ಆಂಗ್ಲಿರು ಬೆಟ್ಟದ ಮಾತು ಕೆದಕಿದ. ಸೆಪ್ ಕುಸ್‌ಗೆ ಸ್ಪೇನಿನ ಸೈಕಲ್ ರೇಸ್ ವುಯೆಲ್ಟಾ ದಾನವಾಗಿ ಸಿಕ್ಕಿತಂತೆ.

ದಾನವೋ, ಬಾಕಿ ಸಂಬಳವೋ? 2023ರಲ್ಲಿ ಅವನದೇ ತಂಡದ ರೋಗ್ಲಿಚ್ ಇಟಲಿಯ ಜಿರೊ ಗೆದ್ದಾಗ, ವಿಂಗೆಗೋರ್ ಫ್ರಾನ್ಸಿನ ಟೂರ್ ಗೆದ್ದಾಗ, ಬೆಟ್ಟದಲ್ಲಿ ಅವರ ಮುಂದೆ ತುಳಿದವನು ಇದೇ ಕುಸ್. ಸೆಪ್ಟೆಂಬರಿನಲ್ಲಿ, ವುಯೆಲ್ಟಾದಲ್ಲಿ, ಮುನ್ನಡೆಯವನ ಕೆಂಪು ಜೆರ್ಸಿ ಇವನ ಮೈಮೇಲಿತ್ತು. 17ನೇ ಹಂತದಲ್ಲಿ, ಆಂಗ್ಲಿರುವಿನ ಗೋಡೆಯಂಥ ಏರಿನಲ್ಲಿ, ಆ ಇಬ್ಬರೂ ಇವನನ್ನು ಬಿಟ್ಟು ಹೊರಟೇ ಹೋದರು. ಆಸರೆಯಾದದ್ದು ಬೇರೆ ತಂಡದ ಮಿಕೆಲ್ ಲಾಂಡಾನ ಹಿಂಚಕ್ರ! ಮುನ್ನಡೆಯಲ್ಲಿ ಉಳಿದದ್ದು 8 ಸೆಕೆಂಡ್. ನಾಚಿಕೆಯಾಯಿತೋ ಏನೋ, ಆಮೇಲೆ ತಂಡ ಕುಸ್‌ನನ್ನೇ ಕಾದು ಗೆಲ್ಲಿಸಿತು. 17 ಸೆಕೆಂಡಿನ ಅಂತರದಲ್ಲಿ.

ಜೊತೆಗಾರನಿಗಾಗಿ ಕಾಯುವುದನ್ನು ಕನ್ನಡಿಗನಿಗೆ ಬಿಡಿಸಿ ಹೇಳಬೇಕೆ? 1999ರ ದೆಹಲಿಯ ಕೋಟ್ಲಾ ಟೆಸ್ಟಿನಲ್ಲಿ ಕುಂಬ್ಳೆಗೆ ಒಂಬತ್ತು ವಿಕೆಟ್ ಬಿದ್ದಿದ್ದಾಗ, ಹತ್ತನೆಯದೂ ಅವರಿಗೇ ಸಿಗಲೆಂದು, ಇನ್ನೊಂದು ತುದಿಯಿಂದ ಶ್ರೀನಾಥ್ ಸ್ಟಂಪಿನಿಂದ ದೂರ ದೂರ ಎಸೆದದ್ದನ್ನು ನೋಡಿದವರು ನಾವು. ವೇಗದ ಬೌಲರ್ ಬೇಕೆಂದೇ ವಿಕೆಟ್ ತಪ್ಪಿಸುವುದು ಎಂಥ ಕಷ್ಟ!

ಆದರೆ ನನ್ನ ಮೇಜಿನ ಗಾಜಿನಡಿ ಇರುವುದು ಬೇರೆ ಚಿತ್ರ, 1934ರ ಟೂರಿನದು. ಮೋಟು ಕಲ್ಲುಗೋಡೆಯ ಮೇಲೆ ಇಪ್ಪತ್ತರ ಹುಡುಗ ರೆನೆ ವಿಯೆಟ್ಟೊ ಅಳುತ್ತ ಕುಳಿತಿದ್ದಾನೆ. ಪಕ್ಕದ ಸೈಕಲ್ಲಿಗೆ ಮುಂದಿನ ಚಕ್ರವಿಲ್ಲ. ಪುಯ್‌ಮೊರಾನ್ ಬೆಟ್ಟದ ಇಳಿಜಾರಿನಲ್ಲಿ ಅವನ ತಂಡದ ನಾಯಕ, ಹಳದಿ ಜೆರ್ಸಿಯ ಆಂತೊನಾಂ ಮಾನ್ಯ್‌ನ ಚಕ್ರ ಮುರಿದು, ಇವನದನ್ನು ಬಿಚ್ಚಿಕೊಟ್ಟಾಗಿದೆ. ಹುತಾತ್ಮನ ಮುಖ ಎನ್ನುತ್ತಾರೆ. ನನಗಂತೂ ಕಾಣುವುದು ‘ಇನ್ನೂ ಎಲ್ಲಿ ಸತ್ತಿತು ಆ ಬದಲಿ ಚಕ್ರದ ಗಾಡಿ’ ಎಂಬ ಸಿಟ್ಟು. ಚಕ್ರ ಕೊಟ್ಟದ್ದರಿಂದ ಅವನ ಟೂರೇ ಹೋಯಿತೆಂಬುದೂ ಕಟ್ಟುಕತೆ. ಪ್ಯಾರಿಸ್ಸಿನಲ್ಲಿ ಅವನು ಐದನೆಯವನು, ಮಾನ್ಯ್‌ಗಿಂತ ಹೆಚ್ಚುಕಡಿಮೆ ಒಂದು ಗಂಟೆ ಹಿಂದೆ. ಒಂದು ಚಕ್ರಕ್ಕೆ ಕಾದು ಅಷ್ಟು ಹೊತ್ತು ಕಳೆಯುವುದಿಲ್ಲ. ಬಲದ ಪಂಗಡದವರು ಖುಷಿಪಡಲಿ, ಈ ಲೆಕ್ಕ ಅವರದೇ.

ಅವರ ಲೆಕ್ಕಕ್ಕೆ ಸಿಗದ್ದು ಮರುದಿನದ ಕತೆ. ಪೋರ್ತೆ ದಾಸ್ಪೆ ಬೆಟ್ಟ ಹತ್ತಿ ಮುಗಿಸಿ ವಿಯೆಟ್ಟೊ ಇಳಿಯುತ್ತಿದ್ದ. ಹಿಂದೆ ಮಾನ್ಯ್ ಮತ್ತೆ ಸೈಕಲ್ ಕೆಟ್ಟು ನಿಂತಿದ್ದಾನೆಂದು ಸುದ್ದಿ ಬಂತು. ಫೋಟೊ ನೋಡಿ ಕಣ್ಣೀರಿಡುವವರು ಈ ದಿನವನ್ನು ಮರೆಯುತ್ತಾರೆ. ನಿನ್ನೆ ಅತ್ತ ಹುಡುಗ, ಚಕ್ರ ಕೊಟ್ಟರೆ ಏನಾಗುತ್ತದೆಂದು ಈಗ ಚೆನ್ನಾಗಿ ಗೊತ್ತಿದ್ದವನು, ಸೈಕಲ್ ತಿರುಗಿಸಿ, ಇಳಿದ ರಸ್ತೆಯನ್ನೇ ಎದುರು ದಿಕ್ಕಿನಲ್ಲಿ ಮತ್ತೆ ಹತ್ತಿದ.